ಐನೂರು ಚಿತ್ರಗಳ ನಟನಿಗೆ ಉಳಿಯುವುದೇನು?

2025ರ ಆಗಸ್ಟ್‌ನಲ್ಲಿ ಕೆಂಗೇರಿ ಬಳಿಯ ಅಭಿಮಾನ್ ಸ್ಟುಡಿಯೊ ಮತ್ತೆ ಸುದ್ದಿಗೆ ಬಂತು. ಅಲ್ಲಿದ್ದ ವಿಷ್ಣುವರ್ಧನ್ ಸಮಾಧಿಯನ್ನು ತೆರವುಗೊಳಿಸಿದ್ದಕ್ಕೆ ಅಭಿಮಾನಿಗಳು ಬೀದಿಗಿಳಿದರು. ಸ್ಟುಡಿಯೊಗೆಂದು ಕೊಟ್ಟ ಜಮೀನಿನ ಷರತ್ತುಗಳು ಉಲ್ಲಂಘನೆಯಾಗಿವೆ ಎಂದು ಸರ್ಕಾರ ಅದನ್ನು ಹಿಂಪಡೆಯಲು ಹೊರಟಿತು. ವಾರಗಟ್ಟಲೆ ಟಿವಿಯಲ್ಲಿ ಅದೇ ಚರ್ಚೆ. ನಾಯಕನಟನ ಸಮಾಧಿಗೆ ಆಗಿದ್ದು ಸರಿಯೇ, ತಪ್ಪು ಯಾರದು, ಸ್ಮಾರಕ ಎಲ್ಲಿರಬೇಕು ಎಂಬೆಲ್ಲ ಪ್ರಶ್ನೆಗಳು ಎದ್ದವು. ಅಷ್ಟೂ ಮಾತಿನಲ್ಲಿ ಆ ಸ್ಟುಡಿಯೊ ಕಟ್ಟಿದ ಪೋಷಕ ನಟ ಟಿ.ಎನ್. ಬಾಲಕೃಷ್ಣ ಅವರ ಹೆಸರು ಕೇಳಿಸಿದ್ದು ಹೆಚ್ಚಾಗಿ ಜಮೀನಿನ ಮಂಜೂರಾತಿಯ ಪ್ರಸ್ತಾಪ ಬಂದಾಗ ಮಾತ್ರ. ಯಾರಿಗೆ ಕೊಟ್ಟಿದ್ದು? ಬಾಲಣ್ಣನಿಗೆ. ಎಷ್ಟು? ಸುಮಾರು 20 ಎಕರೆ. ಅಷ್ಟಕ್ಕೆ ಮುಗಿಯಿತು.

ಯಾರೂ ಕೇಳದೆ ಉಳಿದ ಪ್ರಶ್ನೆ ಬೇರೆಯೇ ಇತ್ತು. ಜೀವನಪೂರ್ತಿ ಪೋಷಕ ಪಾತ್ರ ಮಾಡಿಕೊಂಡು ಬಂದ ಒಬ್ಬ ನಟನಿಗೆ, ಸಂಪಾದಿಸಿದ್ದನ್ನೆಲ್ಲ ಸುರಿದು ಸ್ಟುಡಿಯೊ ಕಟ್ಟಬೇಕು ಅಂತ ಯಾಕೆ ಅನ್ನಿಸಿತು? ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೊಗಳ ಹಂಗಿನಿಂದ ಬಿಡಿಸಿಕೊಳ್ಳಲಿ ಎಂಬ ನಾಡಪ್ರೇಮ ಇತ್ತು, ನಿಜ. ಕನ್ನಡ ಚಿತ್ರಗಳ ಚಿತ್ರೀಕರಣ ಹೆಚ್ಚಾಗಿ ಅಲ್ಲೇ ನಡೆಯುತ್ತಿದ್ದ ಕಾಲ ಅದು. ಆದರೆ ನನಗೆ ಅದರೊಳಗೆ ಇನ್ನೊಂದು ತರ್ಕವೂ ಕಾಣುತ್ತದೆ. ಪೋಷಕ ನಟನ ದುಡಿಮೆ ಕೂಡಿಡಲು ಬರುವಂಥದ್ದಲ್ಲ. ದುಡಿದ ದಿನಕ್ಕೆ ಕಾಸು, ದುಡಿಯದ ದಿನಕ್ಕೆ ಇಲ್ಲ. ಹೆಸರು ಎಷ್ಟೇ ಬೆಳೆದರೂ ಅದು ಆಸ್ತಿಯಾಗಿ ಮಾರ್ಪಡುವುದಿಲ್ಲ. ಸ್ಟುಡಿಯೊ ಆಸ್ತಿಯಾಗುತ್ತದೆ, ಅಥವಾ ಆಗಬಹುದು ಅಂತ ಬಾಲಣ್ಣ ನಂಬಿದ್ದಿರಬೇಕು.

ಅವರು ಹಾದು ಬಂದ ದಾರಿ ನೋಡಿದರೆ ಆ ನಂಬಿಕೆ ಅಚ್ಚರಿ ಅನ್ನಿಸುವುದಿಲ್ಲ. ಅರಸೀಕೆರೆಯ ಕಡುಬಡತನದಲ್ಲಿ ಹುಟ್ಟಿದವರು. ಗಂಡನ ಔಷಧಿಗೆ ದುಡ್ಡಿಲ್ಲದೆ ತಾಯಿ ಮಗುವನ್ನು ಎಂಟು ರೂಪಾಯಿಗೆ ಬೇರೆಯವರಿಗೆ ಕೊಟ್ಟರು ಎಂಬ ಕಥೆ ಚಿತ್ರರಂಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮೇಲಾಗಿ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕಂಪನಿ ನಾಟಕಗಳಲ್ಲಿ ಬೋರ್ಡು ಬರೆಯುವುದರಿಂದ ಹಿಡಿದು ವೇಷ ಕಟ್ಟುವವರೆಗೆ ಸಿಕ್ಕಿದ್ದನ್ನೆಲ್ಲ ಮಾಡಿ, ಗುಬ್ಬಿ ವೀರಣ್ಣನವರ ಕಂಪನಿ ಸೇರಿ, 1943ರ ‘ರಾಧಾರಮಣ’ ಚಿತ್ರದ ಮೂಲಕ ತೆರೆಗೆ ಬಂದರು. 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಚಿತ್ರಗಳ ಸಂಖ್ಯೆ 560ರ ಆಸುಪಾಸು ಎಂದು ಲೆಕ್ಕ ಹೇಳುತ್ತಾರೆ.

ಕಿವಿ ಕೇಳಿಸದ ನಟ ಅಂದರೆ ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಪನಿ ನಾಟಕದ ನಟನಿಗೆ ಸೈಡ್‌ವಿಂಗಿನಲ್ಲಿ ನಿಂತ ಪ್ರಾಂಪ್ಟರೇ ಆಪದ್ಬಾಂಧವ. ದಿನಕ್ಕೊಂದು ನಾಟಕ, ರಾತ್ರಿಯಿಡೀ ಪ್ರದರ್ಶನ. ಯಾರಿಗೆ ಎಲ್ಲ ನೆನಪಿರುತ್ತದೆ? ಮಾತು ತಪ್ಪಿದ ಕಡೆ ಪರದೆಯ ಸಂದಿಯಿಂದ ಪಿಸುದನಿ ಬರುತ್ತದೆ, ನಟ ಎತ್ತಿಕೊಳ್ಳುತ್ತಾನೆ. ಬಾಲಣ್ಣನಿಗೆ ಆ ಸೌಲಭ್ಯ ಇದ್ದೂ ಇಲ್ಲ. ಎದುರಿಗಿದ್ದವರ ತುಟಿಯ ಚಲನೆ ನೋಡಿ ತಮ್ಮ ಮಾತು ಕೊಡುತ್ತಿದ್ದರು ಎಂದು ಒಡನಾಡಿದವರೆಲ್ಲ ಹೇಳಿದ್ದಾರೆ. ಅಂದರೆ ತಮ್ಮ ಪಾರ್ಟು ಮಾತ್ರವಲ್ಲ, ಎದುರಿನವನ ಪಾರ್ಟೂ ಬಾಯಿಪಾಠ ಆಗಿರಬೇಕು. ಇಲ್ಲದಿದ್ದರೆ ಆ ತುಟಿ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ತಿಳಿಯುವುದಿಲ್ಲ. ಹಳೆಯ ಚಿತ್ರಗಳಲ್ಲಿ ಅವರ ಕಣ್ಣು ನೋಡಿ. ಎದುರಿನವರ ಮುಖದಿಂದ ಒಂದು ಕ್ಷಣವೂ ಕದಲುವುದಿಲ್ಲ. ಖಳನ ಪಾತ್ರದಲ್ಲಿ ಅದು ಹೊಂಚು ಹಾಕಿದಂತೆ ಕಾಣುತ್ತದೆ, ಹಾಸ್ಯದಲ್ಲಿ ಪೆದ್ದುತನದಂತೆ, ‘ಬಂಗಾರದ ಮನುಷ್ಯ’ದ ರಾಚೂಟಪ್ಪನಲ್ಲಿ ವಾತ್ಸಲ್ಯದಂತೆ. ಬಹುಶಃ ಮೂರರ ಮೂಲವೂ ಒಂದೇ, ಕೇಳಿಸಿಕೊಳ್ಳಲು ನೋಡಲೇಬೇಕಾದ ಅನಿವಾರ್ಯತೆ. ಇದು ನನ್ನ ಊಹೆ. ಆದರೆ ಒಮ್ಮೆ ಹೀಗೆ ನೋಡಿದ ಮೇಲೆ ಬೇರೆ ಥರ ನೋಡುವುದು ಕಷ್ಟ.

ಇನ್ನು ಲೆಕ್ಕಕ್ಕೆ ಬರೋಣ. 52 ವರ್ಷದಲ್ಲಿ 560 ಚಿತ್ರ ಅಂದರೆ ವರ್ಷಕ್ಕೆ ಸರಾಸರಿ ಹತ್ತಕ್ಕಿಂತ ಹೆಚ್ಚು. ಇಂಥ ಅಂಕಿಯನ್ನು ನಾವು ಸಾಧನೆಯ ಪಟ್ಟಿಗೆ ಸೇರಿಸಿಬಿಡುತ್ತೇವೆ. ಶ್ರದ್ಧಾಂಜಲಿಯ ಮೊದಲ ಸಾಲಿನಲ್ಲಿ ಅದೇ ಇರುತ್ತದೆ: ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ್ದ ಹಿರಿಯ ಕಲಾವಿದ. ಲೋಕನಾಥ್ 650ಕ್ಕೂ ಹೆಚ್ಚು ಚಿತ್ರ, ಸಾವಿರಕ್ಕೂ ಹೆಚ್ಚು ನಾಟಕ. ವೈಜನಾಥ ಬಿರಾದಾರ್ 500. ಆದರೆ ನಾಯಕನಟರ ಪಟ್ಟಿ ತೆಗೆದು ನೋಡಿ. ನಾಲ್ಕೂವರೆ ದಶಕ ನಾಯಕನಾಗಿ ಸಿನಿಮಾ ಮಾಡಿದ ರಾಜ್‌ಕುಮಾರ್ ಅವರದೇ ಇನ್ನೂರು ಚಿಲ್ಲರೆ. ಪೋಷಕ ನಟರು ಅದರ ಎರಡು ಮೂರು ಪಟ್ಟು ಮಾಡಿದ್ದು ಹುಮ್ಮಸ್ಸು ಹೆಚ್ಚಾಗಿದ್ದಕ್ಕಲ್ಲ. ಒಂದೊಂದು ಚಿತ್ರದಿಂದ ಬರುವುದು ಕಡಿಮೆ. ಹಾಗಾಗಿ ಸಂಸಾರ ನಡೆಯಬೇಕಾದರೆ ಚಿತ್ರಗಳು ಹೆಚ್ಚಾಗಬೇಕು. ಐನೂರು ಎಂಬುದು ಜನಪ್ರಿಯತೆಯ ಅಳತೆ ಆಗಿರುವಷ್ಟೇ ಸಂಭಾವನೆ ಎಷ್ಟು ಸಣ್ಣದಿತ್ತು ಎಂಬುದರ ಅಳತೆಯೂ ಹೌದು.

‘ಬಂಗಾರದ ಮನುಷ್ಯ’ ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ನಿಗದಿ ಸಂಭಾವನೆಯ ವ್ಯವಸ್ಥೆಯಲ್ಲಿ ಮೊದಲನೇ ವಾರಕ್ಕೂ ನೂರನೇ ವಾರಕ್ಕೂ ರಾಚೂಟಪ್ಪನಿಗೆ ವ್ಯತ್ಯಾಸವಿಲ್ಲ. ನಾಯಕನಿಗಾದರೋ ಆ ನೂರು ವಾರ ಮುಂದಿನ ಚಿತ್ರದ ಸಂಭಾವನೆಯಾಗಿ ವಾಪಸ್ ಬರುತ್ತದೆ. ಪೋಷಕ ನಟನಿಗೆ ಬರುವುದು ಇನ್ನೊಂದು ಅಂಥದೇ ಪಾತ್ರ.

ಹೀಗೇ ಇರಬೇಕೆಂದೇನೂ ಇರಲಿಲ್ಲ. 1960ರ ‘ರಣಧೀರ ಕಂಠೀರವ’ ಚಿತ್ರದ ನಿರ್ಮಾಪಕರು ಯಾರೆಂದು ನೋಡಿ. ಕೆಲಸವಿಲ್ಲದೆ ಕನ್ನಡ ಕಲಾವಿದರು ಕಂಗಾಲಾಗಿದ್ದ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು, ಊರೂರಿಗೆ ಹೋಗಿ ನಾಟಕವಾಡಿದರು. ಆಮೇಲೆ ಅದೇ ಸಂಘದ ಹೆಸರಲ್ಲಿ ಆ ಚಿತ್ರ ಮಾಡಿದರು. ಒಬ್ಬ ನಾಯಕ, ಇಬ್ಬರು ಹಾಸ್ಯನಟರು, ಒಬ್ಬ ಬರಹಗಾರ, ನಾಲ್ವರೂ ಪಾಲುದಾರರು. ನಾಲ್ವರೂ ಗುಬ್ಬಿ ಕಂಪನಿಯ ಅನ್ನ ತಿಂದವರು ಎಂಬುದು ಇಲ್ಲಿ ಮುಖ್ಯ. ಕಂಪನಿಯಲ್ಲಿ ರಾಜಪಾರ್ಟಿನವನಿಗೆ ಸಂಬಳ ಹೆಚ್ಚು, ಹಾಸ್ಯದವನಿಗೆ ಒಮ್ಮೊಮ್ಮೆ ಅವನಿಗಿಂತಲೂ ಹೆಚ್ಚು. ಆದರೆ ಪಂಕ್ತಿ ಒಂದೇ. ಇವತ್ತು ರಾಮನಾದವನು ನಾಳೆ ಜ್ವರ ಬಂದು ಮಲಗಿದರೆ ಲಕ್ಷ್ಮಣನಾಗಿದ್ದವನೇ ರಾಮ. ಪ್ರೇಕ್ಷಕನೂ ಹಾಸ್ಯದವನನ್ನು ನೋಡಲೆಂದೇ ಟಿಕೆಟ್ ತೆಗೆಯುತ್ತಿದ್ದ. ನರಸಿಂಹರಾಜು ಅವರ ಕಾಲ್‌ಶೀಟ್ ಮೊದಲು ತೆಗೆದುಕೊಂಡು ಆಮೇಲೆ ನಾಯಕನ ಬಳಿ ಹೋಗುತ್ತಿದ್ದರು ಎಂಬ ಮಾತು ಗಾಂಧಿನಗರದಲ್ಲಿ ಹಾಗೇ ಹುಟ್ಟಿದ್ದಲ್ಲ.

ಆ ಪಾಲುದಾರಿಕೆ ಮುಂದುವರಿಯಲಿಲ್ಲ. ವಿತರಕರ ದುಡ್ಡು ಒಬ್ಬ ನಾಯಕನ ಹೆಸರಿನ ಮೇಲೆ ಬರಲು ಶುರುವಾದ ಮೇಲೆ ಉಳಿದ ಮೂವರಿಗೆ ವ್ಯಾಪಾರದಲ್ಲಿ ಸ್ಥಾನವಿಲ್ಲ. 1954ರಲ್ಲಿ ‘ಬೇಡರ ಕಣ್ಣಪ್ಪ’ನಿಂದ ನಾಯಕರಾದ ರಾಜ್‌ಕುಮಾರ್ 1968ಕ್ಕೆ ನೂರನೇ ಚಿತ್ರ ಮುಟ್ಟಿದರು. ನಾಯಕ ಅಷ್ಟು ವೇಗವಾಗಿ ಚಿತ್ರ ಮಾಡುತ್ತಿದ್ದಾಗ ಅವನ ಸುತ್ತಲಿನ ಅಪ್ಪ, ಚಿಕ್ಕಪ್ಪ, ಮಾವ, ಮೇಷ್ಟ್ರು, ಶಾನುಭೋಗ, ಅಡುಗೆಭಟ್ಟ ಎಲ್ಲರಿಗೂ ಕೆಲಸ ಇತ್ತು. ಕೆ.ಎಸ್. ಅಶ್ವತ್ಥ್ 1955ರಲ್ಲಿ ‘ಸ್ತ್ರೀರತ್ನ’ ಚಿತ್ರದ ನಾಯಕನಾಗಿ ಬಂದವರು. ಆದರೆ ಬಾಳಿದ್ದು ಅಪ್ಪನಾಗಿ, ಮೇಷ್ಟ್ರಾಗಿ. ಬಾಲಣ್ಣ ಸ್ಟುಡಿಯೊ ಕನಸು ಕಂಡದ್ದೂ ಇದೇ ಹೊತ್ತಿನಲ್ಲಿ, 60ರ ದಶಕದಲ್ಲಿ. ಪಾಲುದಾರಿಕೆ ಕೈತಪ್ಪಿದ ಮೇಲೆ ಒಡೆತನದ ಕಡೆ ಹೊರಳಿದರು ಅಂತಲೂ ಇದನ್ನು ಓದಬಹುದು. ಬಂಡವಾಳ ಸಾಲದಾಯಿತು. ನಗರದ ನಡುವಿಗೆ ಹತ್ತಿರವಾಗಿದ್ದ, ಸರ್ಕಾರದ ಬಲವಿದ್ದ ಕಂಠೀರವ ಸ್ಟುಡಿಯೊ ಎದುರಿಗಿತ್ತು. ಅಭಿಮಾನ್ ಎಂದೂ ಚೇತರಿಸಿಕೊಳ್ಳಲಿಲ್ಲ. ಬಾಲಣ್ಣ ಕೊನೆತನಕ ಬಣ್ಣ ಹಚ್ಚಿಕೊಂಡೇ ಇದ್ದರು.

ಹಾಗಾದರೆ ಉಳಿದವರು ಹೇಗೆ ಬದುಕಿದರು? ಇಲ್ಲೊಂದು ವಿಷಯ ಎದ್ದು ಕಾಣುತ್ತದೆ. 70ರ ದಶಕದಿಂದ ಈಚೆಗೆ ಕನ್ನಡದಲ್ಲಿ ದೀರ್ಘಕಾಲ ಗೌರವದಿಂದ ಬಾಳಿದ ಪೋಷಕ ನಟರಲ್ಲಿ ಅನೇಕರಿಗೆ ಎರಡನೇ ಕಾಲೊಂದು ಇತ್ತು. ದತ್ತಣ್ಣ ವಾಯುಪಡೆಯಲ್ಲಿ, ಆಮೇಲೆ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರು. ನಡುವಯಸ್ಸು ದಾಟಿದ ಮೇಲೆ ಸಿನಿಮಾಕ್ಕೆ ಬಂದು, 2000ನೇ ಸಾಲಿನಲ್ಲಿ ‘ಮುನ್ನುಡಿ’ಗೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಪಡೆದರು. ಲೋಹಿತಾಶ್ವ ಇಂಗ್ಲಿಷ್ ಅಧ್ಯಾಪಕರು. ಲೋಕನಾಥ್ ಅವರ ಮನೆಯಲ್ಲಿ ಬಟ್ಟೆ ವ್ಯಾಪಾರವಿತ್ತು. ಬೆಂಗಳೂರಿನ ಹವ್ಯಾಸಿ ರಂಗಭೂಮಿ ಪೂರ್ತಿ ಹೀಗೇ ನಿಂತಿದ್ದು. ಬ್ಯಾಂಕು, ಎಜಿ ಆಫೀಸು, ಕಾರ್ಖಾನೆ, ಕಾಲೇಜು, ಸಂಜೆ ಆರರ ಮೇಲೆ ಕಲಾಕ್ಷೇತ್ರದ ತಾಲೀಮು. ತಿಂಗಳ ಸಂಬಳ ಇದ್ದವನು ಪಾತ್ರ ಬೇಡ ಎನ್ನಬಲ್ಲ. ದತ್ತಣ್ಣನ ಪಾತ್ರಗಳ ಆಯ್ಕೆಯಲ್ಲಿ ಕಾಣುವ ಘನತೆಗೆ ಅವರ ಪ್ರತಿಭೆಯ ಜತೆ ಪಿಂಚಣಿಯ ಪಾತ್ರವೂ ಇದ್ದೀತು ಅಂದರೆ ಅವರಿಗೆ ಅವಮಾನ ಮಾಡಿದಂತಾಗುವುದಿಲ್ಲ ಅಂದುಕೊಂಡಿದ್ದೇನೆ.

ಸಂಬಳದ ಆಸರೆಯನ್ನು ರಂಗಭೂಮಿಯ ಒಳಗೇ ಕೊಡುವ ಪ್ರಯತ್ನವೂ ನಡೆಯಿತು. ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಮೈಸೂರಿನ ರಂಗಾಯಣ ಶುರುವಾದಾಗ ಅಲ್ಲಿನ ಕಲಾವಿದರಿಗೆ ಸರ್ಕಾರದ ಸಂಬಳ ಇತ್ತು. ಹೆಸರಿನ ಮುಂದೆ ರಂಗಾಯಣ ಹಾಕಿಕೊಂಡ ರಘು ಬಂದದ್ದು ಅಲ್ಲಿಂದ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಸಂಚಾರಿ ತಂಡವಾದ ತಿರುಗಾಟದಿಂದ ಬಂದವರ ಪಟ್ಟಿಯಂತೂ ಉದ್ದವಿದೆ, ಅಚ್ಯುತ್ ಕುಮಾರ್ ಅದರಲ್ಲೊಬ್ಬರು. ಇವತ್ತು ಕನ್ನಡ ಸಿನಿಮಾದಲ್ಲಿ ಒಂದೇ ದೃಶ್ಯದಲ್ಲಿ ಬಂದು ಹೋಗುವ ಪೊಲೀಸನೋ ಪಂಚಾಯ್ತಿ ಸದಸ್ಯನೋ ನೆನಪಲ್ಲಿ ಉಳಿದರೆ ಅವನ ಹಿಂದೆ ಇಂಥ ಒಂದು ತಂಡ ಇದ್ದೇ ಇರುತ್ತದೆ. ತರಬೇತಿಯ ಖರ್ಚು ರಂಗಭೂಮಿಯದು, ಫಸಲು ಸಿನಿಮಾದ್ದು. ಇದರ ಬಗ್ಗೆ ಚಿತ್ರರಂಗ ಗಂಭೀರವಾಗಿ ಯೋಚಿಸಿದ್ದು ನನಗೆ ಕಂಡಿಲ್ಲ.

ಎರಡನೇ ಕಾಲು ಇಲ್ಲದವರ ಕಥೆ ಬೇರೆ. ಉಮಾಶ್ರೀ ಅವರದನ್ನು ತೆಗೆದುಕೊಳ್ಳಿ.

ನೊಣವಿನಕೆರೆಯಿಂದ ಬಂದ ಹೆಣ್ಣುಮಗಳು. ಸಂಸಾರದ ಕಷ್ಟ, ಸಾಕಬೇಕಾದ ಮಕ್ಕಳು, ನಾಟಕವೇ ಜೀವನೋಪಾಯ. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾದರು. ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಹುಡುಕುವ, ಬೈಯುವ, ಆ ರಾತ್ರಿ ನವಿಲಿನ ಸಾರಿನ ಮುಂದೆ ಮಕ್ಕಳು ಮೊಮ್ಮಕ್ಕಳ ಜತೆ ಕೂರುವ ಮುದುಕಿ. ವಯಸ್ಸಿನಲ್ಲಿ ಅರ್ಧವೂ ಆಗಿರದ ನಟಿ ಆ ಸೊಂಟ, ಆ ಗಂಟಲು, ಆ ಎಲೆಅಡಿಕೆಯ ಬಾಯಿಯನ್ನು ತನ್ನದು ಮಾಡಿಕೊಂಡಿದ್ದನ್ನು ನೋಡಿದವರು ಇಂದಿಗೂ ಅದನ್ನೇ ಹೇಳುತ್ತಾರೆ. ಇತ್ತ ಅದೇ ವರ್ಷಗಳಲ್ಲಿ ಸಿನಿಮಾ ಆಕೆಗೆ ಕೊಟ್ಟಿದ್ದು ಏನು? 1984ರ ಕಾಶೀನಾಥ್ ಚಿತ್ರ ‘ಅನುಭವ’ ಯಶಸ್ಸು ಕಂಡಿತು. ಅಲ್ಲಿಂದ ಮುಂದೆ ಸಾಲು ಸಾಲು ದ್ವಂದ್ವಾರ್ಥದ ಹಾಸ್ಯ, ಎನ್.ಎಸ್. ರಾವ್ ಜೋಡಿ, ಜಗಳಗಂಟಿ ಹೆಂಡತಿ, ಗಂಡಸರ ಹಿಂದೆ ಬೀಳುವ ಹೆಂಗಸು. 1995ರ ‘ಪುಟ್ನಂಜ’ದಲ್ಲಿ ನಲವತ್ತು ತುಂಬದ ಉಮಾಶ್ರೀ ನಾಯಕನ ಅಜ್ಜಿ. ಆ ಪುಟ್ಮಲ್ಲಿ ಇಲ್ಲದ ‘ಪುಟ್ನಂಜ’ವನ್ನು ಊಹಿಸಲೂ ಆಗುವುದಿಲ್ಲ, ಆ ಮಾತು ಬೇರೆ.

ಆ ಹಾಸ್ಯದ ಪಾತ್ರಗಳನ್ನು ಕೀಳೆಂದು ಬದಿಗಿಡುವುದು ಸುಲಭ. ನಾನು ಹಾಗೆ ಮಾಡಲಾರೆ. ಸಾಕವ್ವನಿಂದ ಹೊಗಳಿಕೆ ಬಂತು, ಮನೆ ನಡೆದದ್ದು ಆ ಹಾಸ್ಯದಿಂದ. ಪೋಷಕ ನಟಿಗೆ ಪಾತ್ರ ಬೇಡ ಎನ್ನುವ ಅವಕಾಶ ನಟನಿಗಿಂತಲೂ ಕಡಿಮೆ. ಯಾಕೆಂದರೆ ಎಚ್‌ಎಎಲ್ಲೂ ಕಾಲೇಜೂ ಆ ಪೀಳಿಗೆಯ ರಂಗನಟಿಯರಲ್ಲಿ ಹೆಚ್ಚಿನವರಿಗೆ ದಕ್ಕಿರಲಿಲ್ಲ. ಬಂದದ್ದೆಲ್ಲ ಒಪ್ಪಿಕೊಂಡರು, ಒಪ್ಪಿಕೊಂಡಿದ್ದಕ್ಕೆ ಅಚ್ಚು ಬಿತ್ತು, ಅಚ್ಚು ಬಿದ್ದಿದ್ದರಿಂದ ಮತ್ತೆ ಅದೇ ಬಂತು. 2008ರಲ್ಲಿ ಗಿರೀಶ ಕಾಸರವಳ್ಳಿ ‘ಗುಲಾಬಿ ಟಾಕೀಸು’ ಮಾಡಿ ಕುಂದಾಪುರ ಕಡೆಯ ಸೂಲಗಿತ್ತಿ ಗುಲಾಬಿಯ ಪಾತ್ರ ಕೊಟ್ಟಾಗ ರಾಷ್ಟ್ರಪ್ರಶಸ್ತಿ ಬಂತು. ಅತ್ಯುತ್ತಮ ನಟಿ, ಪೋಷಕ ನಟಿ ಅಲ್ಲ. ಅಷ್ಟು ಹೊತ್ತಿಗೆ ಸಿನಿಮಾದಲ್ಲಿ ಕಾಲು ಶತಮಾನ ಕಳೆದಿತ್ತು.

ಆಕೆಯ ಹೆಸರು ಬಂಡವಾಳವಾಗಿ ಬದಲಾದದ್ದು ಸಿನಿಮಾದಲ್ಲಲ್ಲ, ರಾಜಕೀಯದಲ್ಲಿ. ತೇರದಾಳದ ಶಾಸಕಿಯಾಗಿ 2013ರಲ್ಲಿ ಸಚಿವೆಯಾದರು. ಇದು ಒಬ್ಬರ ದಾರಿ ಮಾತ್ರವಲ್ಲ. ‘ಮುಖ್ಯಮಂತ್ರಿ’ ನಾಟಕದ ಪಾತ್ರವನ್ನೇ ಹೆಸರಿಗೆ ಅಂಟಿಸಿಕೊಂಡ ಚಂದ್ರು 1985ರಲ್ಲೇ ಗೌರಿಬಿದನೂರಿನಿಂದ ವಿಧಾನಸಭೆಗೆ ಹೋಗಿದ್ದರು. ನಾಯಕನಟರಷ್ಟೇ ಅಲ್ಲ, ಪೋಷಕ ನಟರೂ ಚುನಾವಣೆ ಗೆಲ್ಲಬಲ್ಲರು ಅಂದರೆ ಜನರ ಕಣ್ಣಲ್ಲಿ ಅವರಿಗೆ ಬೆಲೆ ಇದೆ ಎಂದಾಯಿತು. ಆ ಬೆಲೆಯನ್ನು ಕಟ್ಟಿ ಕೊಡುವ ವ್ಯವಸ್ಥೆ ಚಿತ್ರರಂಗದಲ್ಲಿ ಇಲ್ಲ. ಅಧಿಕಾರ ಹೋದ ಮೇಲೆ ಉಮಾಶ್ರೀ ಮತ್ತೆ ಬಣ್ಣ ಹಚ್ಚಿದರು. 2021ರ ಕೊನೆಗೆ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೆಸ್ ನಡೆಸಿ ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕ, ರಂಗದ ಮೇಲೆ ‘ಶರ್ಮಿಷ್ಠೆ’ ಏಕವ್ಯಕ್ತಿ, 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಯಕ್ಷಗಾನದ ಮಂಥರೆ. ಮೂವತ್ತು ನಲವತ್ತು ವರ್ಷ ಪೋಷಕ ಪಾತ್ರ ಮಾಡಿದ ಮೇಲೆ, ‘ಗುಲಾಬಿ ಟಾಕೀಸು’ವಿನಂಥ ಅಪವಾದ ಬಿಟ್ಟರೆ, ಕಥೆಯ ನಡುವೆ ನಿಲ್ಲುವ ಅವಕಾಶ ಕೊಟ್ಟಿದ್ದು ಕಿರುತೆರೆ ಎಂಬುದನ್ನು ಗಮನಿಸಬೇಕು.

ಈಗಿನ ಸ್ಥಿತಿ ಏನು? ಮೇಲ್ನೋಟಕ್ಕೆ ಪೋಷಕ ನಟರಿಗೆ ಇದು ಸುಗ್ಗಿಯ ಕಾಲ ಇರಬೇಕಿತ್ತು. ವರ್ಷಕ್ಕೆ ಇನ್ನೂರರ ಆಸುಪಾಸು ಕನ್ನಡ ಚಿತ್ರಗಳು ಬಿಡುಗಡೆಯಾಗುತ್ತಿವೆ. ಬಾಲಣ್ಣನ ಕಾಲದಲ್ಲಿ ಇಷ್ಟು ಚಿತ್ರ ಕನಸಲ್ಲೂ ಇರಲಿಲ್ಲ. ಆದರೂ ಇನ್ನೊಬ್ಬ ಐನೂರರ ನಟ ಹುಟ್ಟುವುದು ಅನುಮಾನ. ಇನ್ನೂರರಲ್ಲಿ ಹೆಚ್ಚಿನವು ಹೊಸಬರು ಕೈಸುಟ್ಟುಕೊಳ್ಳುವ ಸಣ್ಣ ಚಿತ್ರಗಳು. ಅನುಭವಿ ಪೋಷಕ ನಟನಿಗೆ ಕೊಡುವಷ್ಟು ದುಡ್ಡು ಅಲ್ಲಿರುವುದಿಲ್ಲ, ಇದ್ದರೂ ಅಡ್ವಾನ್ಸ್ ಬಂದಷ್ಟು ಸುಲಭವಾಗಿ ಬಾಕಿ ಬರುವುದಿಲ್ಲ. ಇತ್ತ ದುಡ್ಡಿರುವ ದೊಡ್ಡ ಚಿತ್ರಗಳು ಎರಡು ಮೂರು ವರ್ಷ ಎಳೆಯುತ್ತವೆ. ‘ಕೆಜಿಎಫ್’ ಮೊದಲ ಭಾಗ 2018ಕ್ಕೆ, ಎರಡನೆಯದು 2022ಕ್ಕೆ ಬಂತು. ನಾಯಕನಿಗೆ ಆ ನಾಲ್ಕು ವರ್ಷದ ಬೆಲೆ ಸಿಗುತ್ತದೆ. ಅವನ ಪಕ್ಕದಲ್ಲಿ ನಿಲ್ಲುವವನಿಗೆ ಸಿಗುವುದು ಚಿತ್ರೀಕರಣದ ದಿನಗಳ ಲೆಕ್ಕ, ಅಥವಾ ಇಡೀ ಪಾತ್ರಕ್ಕೊಂದು ಪ್ಯಾಕೇಜ್. ನಡುವೆ ಕಂಟಿನ್ಯುಟಿಯ ಕಾಟ. ಆ ಚಿತ್ರಕ್ಕೆಂದು ಬಿಟ್ಟ ಗಡ್ಡ ತೆಗೆಯುವಂತಿಲ್ಲ. ಗಡ್ಡ ಬೇಡ ಎನ್ನುವ ಇನ್ನೆರಡು ಚಿತ್ರ ಕೈಬಿಟ್ಟು ಹೋಗುತ್ತವೆ. ಮುಂದಿನ ಶೆಡ್ಯೂಲ್ ಯಾವಾಗ ಅಂದರೆ ಯಾರಿಗೂ ಗೊತ್ತಿರುವುದಿಲ್ಲ.

ಬಾಕಿ ವಸೂಲಿಗೆ ಪೋಷಕ ನಟನ ಕೈಯಲ್ಲಿರುವ ಕೊನೆಯ ಅಸ್ತ್ರ ಡಬ್ಬಿಂಗ್. ಉಳಿದ ಪೇಮೆಂಟ್ ಆಗುವವರೆಗೆ ಮಾತು ಕೊಡಲ್ಲ ಅಂತ ಕೂರಬಹುದು. ಗಾಂಧಿನಗರದಲ್ಲಿ ಎಲ್ಲರಿಗೂ ಗೊತ್ತಿರುವ ಪಟ್ಟು ಇದು. ಆದರೆ ಅದು ನಡೆಯುವುದು ಆ ದನಿ ಜನರಿಗೆ ಪರಿಚಿತವಾಗಿದ್ದರೆ ಮಾತ್ರ. ಇಲ್ಲವಾದರೆ ಬೇರೊಬ್ಬರಿಂದ ಡಬ್ ಮಾಡಿಸಿ ಬಿಡುಗಡೆ ಮಾಡುತ್ತಾರೆ, ಆಮೇಲೆ ಯಾರನ್ನು ಕೇಳುವುದು?

ಇದರ ಜತೆಗೆ ಪಾತ್ರಗಳೇ ಬದಲಾಗಿವೆ. ಅಪ್ಪ ಅಮ್ಮ ಅತ್ತೆ ಮಾವ ತುಂಬಿದ ಮನೆ ದೊಡ್ಡ ಬಜೆಟ್ಟಿನ ಕನ್ನಡ ಚಿತ್ರದಿಂದ ಬಹುತೇಕ ಖಾಲಿಯಾಗಿದೆ. ನಾಯಕನಿಗೆ ಒಬ್ಬ ತಾಯಿ, ಅದೂ ಫ್ಲ್ಯಾಶ್‌ಬ್ಯಾಕಿನಲ್ಲಿ. ಐದು ಭಾಷೆಯಲ್ಲಿ ಬಿಡುಗಡೆಯಾಗುವ ಚಿತ್ರಕ್ಕೆ ಆಯಾ ಭಾಷೆಯ ಮಾರುಕಟ್ಟೆಗೆಂದು ಒಂದೊಂದು ಪರಿಚಿತ ಮುಖ ಬೇಕು. ಹಾಗಾಗಿ ಮುಖ್ಯ ಖಳ, ಅಧಿಕಾರಿ, ರಾಜಕಾರಣಿಯ ಪಾತ್ರ ಹೊರಗಿನವರಿಗೆ ಹೋಗುತ್ತದೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆಯೆನ್ನಿ. ಅಚ್ಯುತ್ ಕುಮಾರ್, ಕಿಶೋರ್ ಥರದವರಿಗೆ ಅದೇ ಕಾರಣದಿಂದ ತಮಿಳು ತೆಲುಗಿನಲ್ಲಿ ಬೇಡಿಕೆ ಇದೆ, ದತ್ತಣ್ಣ 2019ರಲ್ಲಿ ಹಿಂದಿಯ ‘ಮಿಷನ್ ಮಂಗಲ್’ನಲ್ಲಿ ಕಾಣಿಸಿಕೊಂಡರು. ಆದರೆ ಹೀಗೆ ಗಡಿ ದಾಟುವವರು ಬೆರಳೆಣಿಕೆ.

ಮನೆಯ ಪಾತ್ರಗಳೆಲ್ಲ ಧಾರಾವಾಹಿಗೆ ವಲಸೆ ಹೋದವು, ಅವುಗಳ ಹಿಂದೆ ನಟರೂ ಹೋದರು. ಅಲ್ಲಿ ತಿಂಗಳಿಗೆ ಇಷ್ಟು ದಿನ ಕೆಲಸ ಎಂಬ ಖಾತ್ರಿ ಇದೆ, ಸಿನಿಮಾದಲ್ಲಿ ಅದೂ ಇಲ್ಲ. ಆದರೆ ದಿನದ ಲೆಕ್ಕವೇ ಅಲ್ಲಿಯೂ. ಟಿಆರ್‌ಪಿ ಇಳಿದರೆ ಒಂದು ಟ್ರ್ಯಾಕ್ ಮುಚ್ಚುತ್ತದೆ, ಚಿಕ್ಕಪ್ಪ ಇದ್ದಕ್ಕಿದ್ದಂತೆ ದುಬೈಗೆ ಹೋಗುತ್ತಾನೆ. ವಾಪಸ್ ಬರುತ್ತಾನೋ ಇಲ್ಲವೋ ಆ ಪಾತ್ರ ಮಾಡುತ್ತಿದ್ದವರಿಗೂ ತಿಳಿದಿರುವುದಿಲ್ಲ.

ನಡುವೆ ಒಂದು ಒಳ್ಳೆಯ ಬೆಳವಣಿಗೆ ಕಾಣುತ್ತಿದೆ. 2024ರ ‘ಶಾಖಾಹಾರಿ’, 2025ರ ‘ಅಜ್ಞಾತವಾಸಿ’ ಎರಡರಲ್ಲೂ ಕಥೆ ನಿಂತಿರುವುದು ರಂಗಾಯಣ ರಘು ಅವರ ಮೇಲೆ. ಹೋಟೆಲಿನ ಒಲೆ ಮುಂದೆ ಬೆವರುತ್ತ ಏನನ್ನೋ ಬಚ್ಚಿಡುವ ನಡುವಯಸ್ಕನನ್ನು ನೋಡಲು ಜನ ತಯಾರಿದ್ದಾರೆ ಎಂದು ‘ಶಾಖಾಹಾರಿ’ ತೋರಿಸಿತು. ವೈಜನಾಥ ಬಿರಾದಾರ್ ಉದಾಹರಣೆ ಇನ್ನೂ ಹಳೆಯದು, ಇನ್ನೂ ಕಹಿ. ಭಿಕ್ಷುಕ, ಕುಡುಕ, ಹೊಡೆತ ತಿನ್ನುವವ, ಇಷ್ಟರಲ್ಲೇ ದಶಕಗಳನ್ನು ಕಳೆದವರು. ಕಾಸರವಳ್ಳಿಯವರ ‘ಕನಸೆಂಬ ಕುದುರೆಯನೇರಿ’ಯ ಅಭಿನಯಕ್ಕೆ ಸ್ಪೇನಿನ ಚಿತ್ರೋತ್ಸವವೊಂದರಲ್ಲಿ ಅತ್ಯುತ್ತಮ ನಟ ಎನ್ನಿಸಿಕೊಂಡು ಬಂದರು. ಬಂದ ಮೇಲೆ ಮತ್ತೆ ಅದೇ ಹರಕು ಅಂಗಿ. ನಾಯಕನಾಗಿ ಪೋಸ್ಟರ್ ಮೇಲೆ ಬಂದದ್ದು 2023ರಲ್ಲಿ, ಐನೂರನೇ ಚಿತ್ರವೆಂದು ಪ್ರಚಾರವಾದ ‘90 ಹೊಡಿ ಮನೀಗ್ ನಡಿ’ಯಲ್ಲಿ. ಕುಡುಕನಾಗಿಯೇ.

ಈ ಎಲ್ಲದರ ಬುಡದಲ್ಲಿರುವುದು ಮರುಬಳಕೆಯ ಪ್ರಶ್ನೆ. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಲೋಕನಾಥ್ ಉಪ್ಪಿನಕಾಯಿ ದೃಶ್ಯ ಇವತ್ತಿಗೂ ಫೋನಿನಿಂದ ಫೋನಿಗೆ ಓಡಾಡುತ್ತಿದೆ. ಬಾಲಣ್ಣ, ನರಸಿಂಹರಾಜು ಅವರ ಹಾಸ್ಯದ ತುಣುಕುಗಳಿಗೆ ಯೂಟ್ಯೂಬಿನಲ್ಲಿ ನೋಡುಗರಿಗೆ ಬರವಿಲ್ಲ. ಟಿವಿಯಲ್ಲಿ ಆ ಚಿತ್ರಗಳು ಪ್ರಸಾರವಾದಾಗೆಲ್ಲ ಜಾಹೀರಾತಿನ ಹಣ ಹರಿದಿದೆ. ನಟರ ಕುಟುಂಬಕ್ಕೆ ಅದರಲ್ಲಿ ಪಾಲಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾದಾಗ ಪ್ರದರ್ಶಕ ಕಲಾವಿದರಿಗೆ ವಾಣಿಜ್ಯ ಬಳಕೆಯ ಮೇಲೆ ರಾಯಧನದ ಹಕ್ಕು ಎಂಬ ಮಾತು ಅದರೊಳಗೆ ಸೇರಿತು. ಗಾಯಕರು ಕೂಡಲೇ ಸಂಘ ಕಟ್ಟಿಕೊಂಡು, ಕೋರ್ಟು ಹತ್ತಿ, ಹಾಡುಗಳ ರಾಯಧನ ವಸೂಲಿಗೆ ಇಳಿದರು. ನಟರು ಇಳಿಯಲಿಲ್ಲ. ಸಿನಿಮಾದಲ್ಲಿ ನಟಿಸಲು ಒಪ್ಪಿದ ಮೇಲೆ ಹಕ್ಕುಗಳೆಲ್ಲ ನಿರ್ಮಾಪಕನವು ಎಂಬ ಹಳೆಯ ಅಂಶವೂ ಅದೇ ಕಾಯ್ದೆಯಲ್ಲಿ ಕೂತಿದೆ, ಇದು ಒಂದು ಕಾರಣ. ಇನ್ನೊಂದು, ಈ ಹೋರಾಟಕ್ಕೆ ಮುಂದಾಗಬಲ್ಲ ಶಕ್ತಿ ಇರುವುದು ನಾಯಕನಟರಿಗೆ, ಅವರಿಗೆ ಅದರ ಅಗತ್ಯವಿಲ್ಲ. ಅವರ ಪಾಲು ಮೊದಲೇ ಸಂಭಾವನೆಯಲ್ಲಿ ಸೇರಿರುತ್ತದೆ, ಹಲವರು ನಿರ್ಮಾಪಕರೂ ಹೌದು.

ರಾಜ್ಯ ಸರ್ಕಾರ 2024ರಲ್ಲಿ ತಂದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ ಬೇರೊಂದು ದಾರಿ ಹಿಡಿದಿದೆ. ಸಿನಿಮಾ ಟಿಕೆಟ್ ಮತ್ತು ಚಂದಾ ಶುಲ್ಕದ ಮೇಲೆ ಶೇ 1ರಿಂದ 2ರವರೆಗೆ ಸೆಸ್, ಅದರಿಂದೊಂದು ನಿಧಿ, ನಿಧಿ ನೋಡಿಕೊಳ್ಳಲು ಮಂಡಳಿ, ನೋಂದಾಯಿತ ಕಲಾವಿದರಿಗೂ ಕಾರ್ಮಿಕರಿಗೂ ಸಾಮಾಜಿಕ ಭದ್ರತೆ. ಟಿಕೆಟ್ ಬೆಲೆ ಹೆಚ್ಚುತ್ತದೆ ಎಂಬ ದೂರಿನ ಸುತ್ತಲೇ ಆಗ ಚರ್ಚೆ ನಡೆಯಿತು. ನನ್ನ ಮಟ್ಟಿಗೆ ಇದು ಸರಿಯಾದ ದಿಕ್ಕಿನ ಹೆಜ್ಜೆ. ಐದು ವರ್ಷಕ್ಕೊಮ್ಮೆ ಯಾರೋ ಹಿರಿಯ ನಟ ಆಸ್ಪತ್ರೆ ಸೇರಿದಾಗ ಟಿವಿಯಲ್ಲಿ ಸಹಾಯ ಕೇಳುವುದು, ಒಬ್ಬಿಬ್ಬರು ಸ್ಟಾರ್‌ಗಳು ಚೆಕ್ ಕಳಿಸುವುದು, ಅದು ಸುದ್ದಿಯಾಗುವುದು, ಇಂಥ ದಯೆಯ ವ್ಯವಸ್ಥೆಗಿಂತ ಸೆಸ್ ಮೇಲು. ಅದು ಹಕ್ಕಿನಿಂದ ಬರುವ ದುಡ್ಡು.

ಆದರೆ ಭದ್ರತೆಯ ಸೌಲಭ್ಯ ಸಿಗಬೇಕಾದರೆ ನೋಂದಣಿ ಬೇಕು. ನೋಂದಣಿಗೆ ಇಂಥ ಕಡೆ ಇಷ್ಟು ಕೆಲಸ ಮಾಡಿದ್ದೇನೆ ಎಂಬ ದಾಖಲೆ ಕೇಳಿದರೆ ಪೋಷಕ ನಟ ಎಲ್ಲಿಂದ ತರಬೇಕು? ಮ್ಯಾನೇಜರ್ ಫೋನ್ ಮಾಡಿ ‘ಅಣ್ಣಾ, ನಾಳೆ ಬೆಳಿಗ್ಗೆ ಏಳಕ್ಕೆ ಬಂದುಬಿಡಿ, ಎರಡು ದಿನದ ಕೆಲಸ’ ಅಂದದ್ದೇ ಅವನ ಕರಾರು. ನಾಟಕದವರ ಪಾಡು ಇನ್ನೂ ಕಷ್ಟ. ತಂಡ ಒಡೆದುಹೋಗಿರುತ್ತದೆ, ಕರಪತ್ರ ಯಾರ ಬಳಿಯೂ ಇರುವುದಿಲ್ಲ. ಮಂಡಳಿ ಮೊದಲು ಮಾಡಬೇಕಾದ ಕೆಲಸ ಇಲ್ಲಿದೆ. ಬಿಡುಗಡೆಯಾಗುವ ಪ್ರತಿ ಚಿತ್ರ, ಪ್ರಸಾರವಾಗುವ ಪ್ರತಿ ಧಾರಾವಾಹಿಯ ನಿರ್ಮಾಪಕ ಯಾರು ಎಷ್ಟು ದಿನ ದುಡಿದರು, ಪೂರ್ತಿ ಪೇಮೆಂಟ್ ಆಗಿದೆಯೇ ಎಂಬ ಪಟ್ಟಿ ಸಲ್ಲಿಸುವಂತೆ ಮಾಡಬೇಕು. ಹಳಬರ ವಿಷಯದಲ್ಲಿ ಚಿತ್ರದ ಟೈಟಲ್ ಕಾರ್ಡನ್ನೇ ಸಾಕ್ಷಿ ಎಂದು ಒಪ್ಪಬೇಕು. ಟೈಟಲ್ ಕಾರ್ಡಿನಲ್ಲಿ ಹೆಸರೇ ಬಾರದೆ, ಕಡೆಗೆ ‘ಮುಂತಾದವರು’ ಎಂಬಲ್ಲಿ ಸೇರಿಹೋದವರಿಗೆ ಜತೆ ಕಲಾವಿದರ ಹೇಳಿಕೆ ಸಾಕಾಗಬೇಕು. ನಿಯಮಗಳಲ್ಲಿ ಈ ಮೂರು ಅಂಶಕ್ಕೆ ಜಾಗ ಇಲ್ಲದಿದ್ದರೆ ಸೆಸ್ ಸಂಗ್ರಹವಾಗುತ್ತಲೇ ಇರುತ್ತದೆ, ಅದು ಯಾರಿಗೆ ಸೇರಬೇಕೋ ಅವರು ಅರ್ಜಿಯ ಮೊದಲ ಕಾಲಮ್ಮಿನಲ್ಲೇ ಸಿಕ್ಕಿಹಾಕಿಕೊಂಡಿರುತ್ತಾರೆ.